ತುಂಬಾ ದುಬಾರಿ ಆಡಿಯೋ ಸೆಟ್ ಕೊಟ್ಟ ದುಡ್ಡಿಗೆ ತೂಗುತ್ತಾ?

ಮೂಲೆಸ್ಪೀಕರ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇದೆ, ಮಧ್ಯಮ ದರ್ಜೆಯದ್ದು. ಅದಕ್ಕೆ ಒಂದು ಸಾಧಾರಣ ಆಂಪ್, ಅಂದರೆ ಆಂಪ್ಲಿಫೈಯರ್. ಹಾಡು ಲ್ಯಾಪ್‌ಟಾಪ್‌ನಿಂದ ಬರುತ್ತದೆ. ನಾನು ಕೇಳುವುದು ಜಾಸ್ತಿ ಗಾಯನ ಮತ್ತು ಪಿಯಾನೊ. ಆಗಾಗ ಬೇಸ್ ಗಿಟಾರ್ ಇರುವ ಬ್ಯಾಂಡ್ ಸಂಗೀತ.

ಗೆಳೆಯರೊಬ್ಬರ ಮನೆಯಲ್ಲಿ ಬಹಳ ದುಬಾರಿ ಸೆಟ್ ಕೇಳಿದೆ. ಹಾಡುವವರು ಎರಡು ಸ್ಪೀಕರ್‌ಗಳ ನಡುವೆ ಬಂದು ನಿಂತ ಹಾಗಿತ್ತು. ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅದೆಲ್ಲ ಆಂಪ್ ಮತ್ತು ಡ್ಯಾಕ್‌ನ (ಫೈಲ್‌ನ ಅಂಕಿಗಳನ್ನು ದನಿಯ ಸಂಕೇತವಾಗಿ ಬದಲಿಸುವ ಪೆಟ್ಟಿಗೆ) ಮಹಿಮೆ ಎಂದು ಅವರು ಹೇಳಿದರು. ಅಂಥ ಆಂಪ್, ಡ್ಯಾಕ್ ಎರಡೂ ಸೇರಿದರೆ ನನ್ನ ಈಗಿನ ಇಡೀ ಸೆಟ್‌ನ ಎಂಟು ಪಟ್ಟು ಬೆಲೆ. ದುಡ್ಡು ಕೂಡಿಟ್ಟಿದ್ದೇನೆ, ಸಾಲ ಮಾಡಬೇಕಾಗಿಲ್ಲ. ಆದರೆ ಕೊಟ್ಟಿದ್ದು ಕಿವಿಗೆ ಸಿಗಬೇಕು.

ಕೋಣೆ 5 ಮೀಟರ್ ಉದ್ದ, 3.5 ಮೀಟರ್ ಅಗಲ. ನೆಲಕ್ಕೆ ಟೈಲ್ಸ್. ಸ್ಪೀಕರ್ ಎರಡೂ ಎದುರು ಗೋಡೆಯ ಮೂಲೆಗಳಲ್ಲಿ, ಮೇಜಿನ ಮೇಲಿವೆ. ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡಿದೆ. ಈಗಿನ ಸೆಟ್‌ನಲ್ಲಿ ನನಗೆ ಬೇಜಾರಾಗುವ ವಿಷಯ ಎರಡು. ಬೇಸ್‌ನ ಕೆಲವು ಸ್ವರ ಗುಮ್ಮ್ ಎನ್ನುತ್ತವೆ, ಕೆಲವು ಕೇಳುವುದೇ ಇಲ್ಲ. ಹಾಡಿನ ಮಾತು ಸ್ವಲ್ಪ ಮಬ್ಬು.

ಏನು ಮಾಡಲಿ? ಅಂಥ ಆಂಪ್ ತೆಗೆದುಕೊಂಡರೆ ಇವು ಸರಿಹೋಗುತ್ತವಾ?

ಮಿಕ್ಸಿಂಗ್‌ಮೇಜು

ಸರ್, ಈಗಲೇ ಕೊಳ್ಳಬೇಡಿ. ನೀವು ಹೇಳಿದ ಎರಡೂ ತೊಂದರೆ ಆಂಪ್‌ನದ್ದಲ್ಲ, ಡ್ಯಾಕ್‌ನದ್ದೂ ಅಲ್ಲ.

ನಾನು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುವವನು. ಈ ಪ್ರಶ್ನೆ ನನ್ನ ಹೊಟ್ಟೆಪಾಡಿಗೇ ಸಂಬಂಧಿಸಿದ್ದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ದನಿ ಫೈಲ್‌ನಿಂದ ಹೊರಟು ಡ್ಯಾಕ್, ಆಂಪ್, ಸ್ಪೀಕರ್, ಕೋಣೆ ದಾಟಿ ಕಿವಿಗೆ ಬರುತ್ತದೆ. ಪ್ರತಿ ಹಂತದಲ್ಲೂ ಎಷ್ಟು ಕೆಡುತ್ತದೆ ಅಂತ ನೋಡಿ. ಎಲ್ಲಿ ಜಾಸ್ತಿ ಕೆಡುತ್ತದೋ ಅಲ್ಲಿ ದುಡ್ಡು ಹಾಕಿ. ನನ್ನ ಮಾತು ಇಷ್ಟೇ.

ಸರಿಯಾಗಿ ಮಾಡಿದ ಡ್ಯಾಕ್ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ, ಅಂದರೆ ಮನುಷ್ಯನ ಕಿವಿಗೆ ಬೀಳುವ ಪೂರ್ತಿ ಹರವಿನಲ್ಲಿ, ಒಂದು ಡೆಸಿಬೆಲ್‌ನ ಸಣ್ಣ ಭಾಗಕ್ಕಿಂತ ಜಾಸ್ತಿ ಏರಿಳಿಯುವುದಿಲ್ಲ. ಸಾಧಾರಣ ಬೆಲೆಯ ಒಳ್ಳೆ ಆಂಪ್ ಕೂಡ ಹೆಚ್ಚುಕಮ್ಮಿ ಹಾಗೆಯೇ. ಅದರ ಡಿಸ್ಟಾರ್ಷನ್, ಅಂದರೆ ದನಿಯನ್ನು ಕೆಡಿಸುವ ಪ್ರಮಾಣ, 0.01%ರ ಆಸುಪಾಸು. ಅದೇ ಸ್ಪೀಕರ್‌ಗೆ ಬನ್ನಿ. ಒಳ್ಳೆಯ ಸ್ಪೀಕರ್‌ಗೇ 3 ಡೆಸಿಬೆಲ್ ಮೇಲೆ ಕೆಳಗೆ ಆಗುವುದು ಮಾಮೂಲು. ಬೇಸ್‌ನಲ್ಲಿ ಡಿಸ್ಟಾರ್ಷನ್ 1% ದಾಟುವುದೂ ಮಾಮೂಲು. ಇನ್ನು ಕೋಣೆ. ಬೇಸ್‌ನಲ್ಲಿ ಬರೀ ಗೋಡೆಗಳ ದೆಸೆಯಿಂದ 10 ಡೆಸಿಬೆಲ್, ಕೆಲವೊಮ್ಮೆ 20 ಡೆಸಿಬೆಲ್ ಏರಿಳಿತ ಆಗುತ್ತದೆ.

ನಿಮ್ಮ ಕೋಣೆಯನ್ನೇ ತೆಗೆದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 5 ಮೀಟರ್ ಉದ್ದಕ್ಕೆ ಮೊದಲ ಅನುರಣನ (ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ಒಂದು ಸ್ವರ ಉಬ್ಬುವುದು) 34 ಹರ್ಟ್ಸ್‌ನಲ್ಲಿ, ಎರಡನೆಯದು 69 ಹರ್ಟ್ಸ್ ಹತ್ತಿರ. 3.5 ಮೀಟರ್ ಅಗಲಕ್ಕೆ 49 ಹರ್ಟ್ಸ್. ಗೋಡೆಗೆ ಅಂಟಿಕೊಂಡು ಕೂತರೆ ಉದ್ದದ ಅನುರಣನಗಳೆಲ್ಲ ಅಲ್ಲೇ ಗರಿಷ್ಠ. ಸ್ಪೀಕರ್ ಮೂಲೆಯಲ್ಲಿದ್ದರೆ ಅದು ಈ ಎಲ್ಲ ಅನುರಣನಗಳನ್ನೂ ಪೂರ್ತಿ ಎಬ್ಬಿಸುತ್ತದೆ. ಬೇಸ್ ಗಿಟಾರ್ 69 ಹರ್ಟ್ಸ್ ಸುತ್ತಮುತ್ತಲಿನ ಸ್ವರ ನುಡಿಸಿದಾಗ ಗುಮ್ಮ್ ಎನ್ನುವುದು ಅದಕ್ಕೇ. ಎಷ್ಟು ದುಬಾರಿ ಆಂಪ್ ಇಟ್ಟರೂ ಅದು ಆ ಗುಮ್ಮನ್ನು ನಿಷ್ಠೆಯಿಂದ ಹಾಗೇ ಕೊಡುತ್ತದೆ.

ಮಾತು ಮಬ್ಬಾಗಲು ಕಾರಣ ಬಹುಶಃ ಮೇಜು, ಪಕ್ಕದ ಗೋಡೆ ಮತ್ತು ಟೈಲ್ಸ್. ಸ್ಪೀಕರ್‌ನಿಂದ ನೇರ ಬರುವ ದನಿಯ ಬೆನ್ನಿಗೇ ಅದರ ಪ್ರತಿಫಲನ ಕೆಲವು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎರಡೂ ಕೂಡಿ ಕೆಲವು ಆವರ್ತನ ಏರುತ್ತವೆ, ಕೆಲವು ಅಳಿಸಿ ಹೋಗುತ್ತವೆ.

ಮೊದಲು ಇಷ್ಟು ಮಾಡಿ. ಸ್ಪೀಕರ್ ಮೂಲೆಯಿಂದ ಈಚೆಗೆ ತನ್ನಿ. ಮೇಜು ಬಿಟ್ಟು ಸ್ಟ್ಯಾಂಡ್ ಮೇಲಿಡಿ, ಟ್ವೀಟರ್ (ಸ್ಪೀಕರ್‌ನಲ್ಲಿ ತಾರಕ ನುಡಿಸುವ ಭಾಗ) ನಿಮ್ಮ ಕಿವಿಯ ಎತ್ತರಕ್ಕಿರಲಿ. ಸೋಫಾ ಹಿಂಗೋಡೆಯಿಂದ ಒಂದೂವರೆ ಮೀಟರ್ ಮುಂದೆ ಬರಲಿ. ಎರಡು ಸ್ಪೀಕರ್ ಮತ್ತು ನೀವು ಸೇರಿ ಮೂರು ಬದಿ ಸಮ ಇರುವ ತ್ರಿಕೋನ ಆಗಲಿ. ದಪ್ಪ ಕಂಬಳಿ ಅಥವಾ ಕಾರ್ಪೆಟ್ ಒಂದನ್ನು ನಡುವೆ ಹಾಸಿ. ಆಮೇಲೆ ನಾಲ್ಕು ದಿನ ಕೇಳಿ ಬಂದು ಬರೆಯಿರಿ.

ಸೋಲ್ಡರ್‌ಕೈ

ಮೇಲಿನ ಮಾತಿಗೆ ನನ್ನದೂ ಒಪ್ಪಿಗೆ. ನಾನು ಆಂಪ್ ರಿಪೇರಿ ಮಾಡುವವನು. ಬಹಳ ದುಬಾರಿ ಆಂಪ್‌ಗಳ ಮುಚ್ಚಳ ಬಿಚ್ಚಿ ನೋಡಿದ್ದೇನೆ, ಹಾಗಾಗಿ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಹೇಳಬಲ್ಲೆ.

ಮೊದಲನೆಯದು ಕ್ಯಾಬಿನೆಟ್. ದಪ್ಪ ಅಲ್ಯೂಮಿನಿಯಂ ದಿಮ್ಮಿಯನ್ನು ಯಂತ್ರದಲ್ಲಿ ಕೊರೆದು ಮಾಡಿದ ಪೆಟ್ಟಿಗೆಗೇ ಒಳಗಿನ ಎಲೆಕ್ಟ್ರಾನಿಕ್ಸ್‌ಗಿಂತ ಜಾಸ್ತಿ ಖರ್ಚಾಗಿರುವುದುಂಟು. ಆಮೇಲೆ ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಹೀಟ್‌ಸಿಂಕ್. ಇವು ನಿಜವಾಗಿ ಕೆಲಸಕ್ಕೆ ಬರುವಂಥವು. ಅದು ಬಿಟ್ಟರೆ ಕಮ್ಮಿ ಸಂಖ್ಯೆಯಲ್ಲಿ ಮಾಡುವುದರ ಹೊರೆ. ವರ್ಷಕ್ಕೆ ನೂರೋ ಇನ್ನೂರೋ ಮಾಡುವ ಕಂಪನಿ ತನ್ನ ಸಂಶೋಧನೆ, ಸಂಬಳ, ಜಾಹೀರಾತು ಎಲ್ಲವನ್ನೂ ಆ ಕೆಲವೇ ಪೆಟ್ಟಿಗೆಗಳ ಮೇಲೆ ಹಂಚಬೇಕು. ಮಾರುವವರ ಕಮಿಷನ್ ಬೇರೆ. ಇದರಲ್ಲಿ ಮೋಸ ಅಂತ ಏನೂ ಇಲ್ಲ. ಆದರೆ ಬೆಲೆ ಹತ್ತು ಪಟ್ಟಾದಾಗ ದನಿಗೆ ತಲುಪುವ ಪಾಲು ಹತ್ತು ಪಟ್ಟಾಗಿರುವುದಿಲ್ಲ.

ಆಂಪ್ ಮುಖ್ಯ ಆಗುವ ಸಂದರ್ಭಗಳೂ ಇವೆ. ಕೆಲವು ಸ್ಪೀಕರ್‌ಗಳ ಇಂಪೀಡನ್ಸ್, ಅಂದರೆ ವಿದ್ಯುತ್ತಿಗೆ ಅವು ಒಡ್ಡುವ ತಡೆ, ಕೆಲವು ಆವರ್ತನದಲ್ಲಿ 2 ಓಮ್ ತನಕ ಇಳಿಯುತ್ತದೆ. ಅಲ್ಲಿ ಸಣ್ಣ ಆಂಪ್ ಏದುಸಿರು ಬಿಡುತ್ತದೆ. ಸ್ಪೀಕರ್‌ನ ಸೆನ್ಸಿಟಿವಿಟಿ (ಒಂದು ವಾಟ್‌ಗೆ ಎಷ್ಟು ಜೋರು ಅನ್ನುವುದು) ಕಮ್ಮಿ, ಕೋಣೆ ದೊಡ್ಡದು, ಜೋರಾಗಿ ಕೇಳುವ ಅಭ್ಯಾಸ ಅಂದರೂ ಪವರ್ ಬೇಕು. ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಸ್ಪೀಕರ್ 1 ವಾಟ್‌ಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಸೋಫಾ ತಲುಪುವಾಗ ಎರಡೂ ಸ್ಪೀಕರ್ ಸೇರಿ ಸುಮಾರು 82 ಉಳಿಯುತ್ತದೆ. ನೀವು ಸರಾಸರಿ 75ರಲ್ಲಿ ಕೇಳುತ್ತೀರಿ. ಹಾಡಿನ ಏರು ಅದಕ್ಕಿಂತ 20 ಡೆಸಿಬೆಲ್ ಮೇಲೆ ಹೋದರೂ 95. 82ರಿಂದ 95ಕ್ಕೆ 13 ಡೆಸಿಬೆಲ್, ಅಂದರೆ 20 ವಾಟ್. ನಿಮ್ಮ ಈಗಿನ ಆಂಪ್ 50 ವಾಟ್‌ನದ್ದಾದರೂ ಕೈಯಲ್ಲಿ ಮಿಕ್ಕಿದೆ.

ಆಂಪ್‌ನಲ್ಲಿ ಮೊದಲು ಹಳತಾಗುವುದು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್. ದುಬಾರಿ ಆಂಪ್‌ನಲ್ಲೂ ಅಷ್ಟೆ. ಕೊಳ್ಳುವಾಗ ಬಿಡಿಭಾಗ ಸಿಗುತ್ತದಾ, ಸರ್ಕ್ಯೂಟ್ ನಕ್ಷೆ ಕೊಡುತ್ತಾರಾ ಅಂತ ಕೇಳಿ. ಅದಕ್ಕೆ ದುಡ್ಡು ಕೊಡಬಹುದು.

ಸಂಜೆರೆಕಾರ್ಡ್

ನಾನು ದುಬಾರಿ ಸೆಟ್ ಇಟ್ಟುಕೊಂಡವಳು. ನನ್ನ ಕಡೆಯ ಮಾತನ್ನೂ ಕೇಳಿ.

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಪೂರ್ತಿ ಯಂತ್ರ. ಅಲ್ಲಿ ಬೇರಿಂಗ್ ಎಷ್ಟು ನಯವಾಗಿದೆ, ಮೊನೆ ಹಿಡಿಯುವ ತೋಳು (ಟೋನ್‌ಆರ್ಮ್) ಎಷ್ಟು ಅಲುಗದೆ ನಿಲ್ಲುತ್ತದೆ, ಮೋಟರ್ ಒಂದೇ ವೇಗದಲ್ಲಿ ತಿರುಗುತ್ತದಾ ಎಲ್ಲವೂ ದನಿಗೆ ಬರುತ್ತವೆ. ತೀರಾ ಅಗ್ಗದ್ದರಲ್ಲಿ ಪಿಯಾನೊದ ಉದ್ದ ಸ್ವರ ತೂಗಾಡುವುದು ಯಾರ ಕಿವಿಗಾದರೂ ಗೊತ್ತಾಗುತ್ತದೆ. ತೋಳಿನ ತುದಿಯ ಕಾರ್ಟ್ರಿಜ್‌ನ ವಜ್ರದ ಮೊನೆಯ ಆಕಾರಕ್ಕೂ ಬೆಲೆ ಇದೆ. ಒಳ್ಳೆ ಮೊನೆ ರೆಕಾರ್ಡಿನ ಒಳಸುತ್ತುಗಳಲ್ಲಿ ಗೊರಗೊರ ಮಾಡುವುದಿಲ್ಲ. ಹಾಗಾಗಿ ದುಬಾರಿ ಎಲ್ಲ ಸುಮ್ನೆ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು. ಗಾಜಿನ ನಳಿಕೆಗಳಿಂದ ಕೆಲಸ ಮಾಡುವ ನನ್ನ ವಾಲ್ವ್ ಆಂಪ್ ದನಿಗೆ ತನ್ನದೇ ಸ್ವಲ್ಪ ಬಣ್ಣ ಸೇರಿಸುತ್ತದೆ. ಅಳತೆಯಲ್ಲಿ ಅದು ಡಿಸ್ಟಾರ್ಷನ್. ಆದರೆ ಗಾಯನಕ್ಕೆ ಆ ಬಣ್ಣ ನನಗೆ ಇಷ್ಟ. ಸಂಜೆ ಕೆಲಸ ಮುಗಿಸಿ ಬಂದು ಅದರ ಗುಂಡಿ ತಿರುಗಿಸಿದಾಗ ಕೈಗೆ ಸಿಗುವ ಆ ಭಾರ, ಆ ನಯ ಕೂಡ ನನಗೆ ಬೇಕು. ಬಹಳ ಯೋಚನೆ ಮಾಡಿ, ಇಷ್ಟಪಟ್ಟು ಕೊಂಡಿದ್ದೇನೆ.

ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ ಅಂತಲೂ ಹೇಳುತ್ತೇನೆ. ಡ್ಯಾಕ್ ಬದಲಿಸಿದಾಗ ನನಗೆ ಗೊತ್ತಾಯಿತು.

ಮಿಕ್ಸಿಂಗ್‌ಮೇಜು

ಮೇಡಂ, ಟರ್ನ್‌ಟೇಬಲ್ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಯಂತ್ರ ಇರುವ ಕಡೆ ದುಡ್ಡು ಕೆಲಸ ಮಾಡುತ್ತದೆ. ಟರ್ನ್‌ಟೇಬಲ್, ಕಾರ್ಟ್ರಿಜ್, ಸ್ಪೀಕರ್, ಹೆಡ್‌ಫೋನ್, ಮೈಕ್ ಎಲ್ಲ ಆ ಗುಂಪು. ಅಲ್ಲೂ ಒಂದು ಮಿತಿ ಇದೆ. ರೆಕಾರ್ಡಿನ ನಡುವಿನ ತೂತು ಕೂದಲೆಳೆ ಆಚೀಚೆ ಆಗಿದ್ದರೆ, 33⅓ ವೇಗದಲ್ಲಿ ಪ್ರತಿ 1.8 ಸೆಕೆಂಡಿಗೊಮ್ಮೆ ಸ್ವರ ತೂಗುತ್ತದೆ. ಅದಕ್ಕೆ ಯಾವ ಬೇರಿಂಗೂ ಮದ್ದಲ್ಲ.

ವಾಲ್ವ್ ಆಂಪ್‌ನ ಬಣ್ಣ ಇಷ್ಟ ಅಂತ ಗೊತ್ತಿದ್ದೇ ಕೊಳ್ಳುವುದು ಒಳ್ಳೆಯ ಆಯ್ಕೆ. ಅದರಲ್ಲಿ ನನಗೆ ತಕರಾರಿಲ್ಲ.

ಡ್ಯಾಕ್ ವಿಷಯಕ್ಕೆ ಮಾತ್ರ ಒಂದು ಪರೀಕ್ಷೆ ಹೇಳುತ್ತೇನೆ. ಎರಡು ಡ್ಯಾಕ್‌ಗಳ ಔಟ್‌ಪುಟ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಒಂದು ಅರ್ಧ ಡೆಸಿಬೆಲ್ ಜೋರಾಗಿದ್ದರೆ ನಮಗೆ ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಬೇಸ್ ತುಂಬಿಕೊಂಡಿದೆ, ದನಿ ತೆರೆದುಕೊಂಡಿದೆ ಅನ್ನಿಸುತ್ತದೆ. ಮನುಷ್ಯನ ಕಿವಿ ದನಿ ಏರಿದ ಹಾಗೆ ಬೇಸ್ ಮತ್ತು ತಾರಕವನ್ನು ಜಾಸ್ತಿ ಹಿಡಿಯುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಹೋಲಿಸುವ ಮೊದಲು ಮಟ್ಟ ಒಂದೇ ಮಾಡಬೇಕು. ಒಂದೇ ಟೋನ್ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿ. 0.1 ಡೆಸಿಬೆಲ್ ಒಳಗೆ ಬರಬೇಕು, ಅಂದರೆ ವೋಲ್ಟೇಜ್‌ನಲ್ಲಿ ಸುಮಾರು 1% ವ್ಯತ್ಯಾಸ. ಕಿವಿ ಅಂದಾಜಿಗೆ ಇದು ಸಿಗುವುದಿಲ್ಲ.

ಆಮೇಲೆ ಬೇರೆ ಯಾರಾದರೂ ನಿಮಗೆ ಕಾಣದ ಹಾಗೆ ಬದಲಿಸಲಿ. ನಾಣ್ಯ ಚಿಮ್ಮಿ ಬದಲಿಸಬೇಕು, ಮನಸ್ಸಿಗೆ ಬಂದ ಹಾಗಲ್ಲ. ನೀವು ಯಾವುದು ಅಂತ ಹೇಳುತ್ತಾ ಹೋಗಿ. 16ರಲ್ಲಿ 8 ಸರಿಯಾದರೆ ಅದು ಬರೀ ಊಹೆ. 12 ಅಥವಾ ಅದಕ್ಕೂ ಮೇಲೆ ಬಂದರೆ ಗಮನ ಕೊಡಬೇಕು, ಊಹೆಯಿಂದ ಅಷ್ಟು ಬರುವ ಸಾಧ್ಯತೆ 4%ಗಿಂತ ಕಮ್ಮಿ.

ನಾನು ಕೆಲಸದ ಸಲುವಾಗಿ ಇದನ್ನು ಮತ್ತೆ ಮತ್ತೆ ಮಾಡುತ್ತಿರುತ್ತೇನೆ. ಸ್ಪೀಕರ್ ಬದಲಿಸಿದರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಒಳ್ಳೆ ಡ್ಯಾಕ್‌ಗಳ ನಡುವೆ ಹೇಳಲು ಆಗುವುದಿಲ್ಲ.

ಅಳತೆಗೋಲು

ಇದರ ಮೇಲೆ ಆದ ನಿಜವಾದ ಅಧ್ಯಯನಗಳಿವೆ.

2007ರಲ್ಲಿ ಮೇಯರ್ ಮತ್ತು ಮೋರಾನ್ ಎಂಬ ಇಬ್ಬರು ಹೈ ರೆಸಲ್ಯೂಷನ್ ಡಿಸ್ಕ್‌ಗಳನ್ನು, ಅಂದರೆ ಸಿಡಿಗಿಂತ ಜಾಸ್ತಿ ವಿವರ ಹಿಡಿಯುವಂಥವನ್ನು, ನುಡಿಸಿದರು. ನಡುವೆ ಒಂದು ಪೆಟ್ಟಿಗೆ ಇಟ್ಟು ಅದೇ ದನಿಯನ್ನು ಸಿಡಿ ಗುಣಮಟ್ಟಕ್ಕೆ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ ಮತ್ತೆ ಹೊರಬಿಟ್ಟರು. ಪೆಟ್ಟಿಗೆ ನಡುವೆ ಇದೆಯಾ ಇಲ್ಲವಾ ಅಂತ ಕೇಳುಗರು ಹೇಳಬೇಕಿತ್ತು. 554 ಸಲ ಕೇಳಿಸಿದ್ದಕ್ಕೆ 276 ಸರಿ ಬಂತು. ಅಂದರೆ 49.8%, ನಾಣ್ಯ ಚಿಮ್ಮಿದಷ್ಟೇ.

ಇದಕ್ಕೆ ಎದುರಾದ ಮಾತೂ ಇದೆ, ಅದನ್ನೂ ಹೇಳಬೇಕು. 2016ರಲ್ಲಿ ಜೋಶುವಾ ರೀಸ್ ಇಂಥ 18 ಪ್ರಯೋಗಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. 12,000ಕ್ಕೂ ಜಾಸ್ತಿ ಉತ್ತರಗಳು. ಸರಿಯಾದದ್ದು ಸುಮಾರು 52%. ತರಬೇತಿ ಪಡೆದವರಲ್ಲಿ ಅದು 60% ದಾಟಿತು. ಹಾಗಾಗಿ ಯಾರಿಗೂ ಏನೂ ಕೇಳಿಸುವುದೇ ಇಲ್ಲ ಅನ್ನಲು ಬರುವುದಿಲ್ಲ. ಆದರೆ ಆ ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ರಾತ್ರಿ ಹಗಲಿನ ವ್ಯತ್ಯಾಸ ಅಂತ ಮಾರಾಟಗಾರರು ಹೇಳುವುದು ಇದನ್ನೇ ಅಲ್ವಾ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಮಾಡಿದ್ದು. ಅದೇ ಸ್ಪೀಕರ್‌ಗಳು, ಅದೇ ಕೇಳುಗರು. ಒಮ್ಮೆ ಪರದೆ ಹಿಂದೆ, ಒಮ್ಮೆ ಕಣ್ಣೆದುರಿಗೆ. ಕಣ್ಣೆದುರಿಗಿದ್ದಾಗ ದೊಡ್ಡ, ದುಬಾರಿ ಸ್ಪೀಕರ್‌ಗಳಿಗೆ ಅಂಕ ಏರಿತು, ಸಣ್ಣ ಅಗ್ಗದ ಸೆಟ್‌ಗೆ ಇಳಿಯಿತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಪರದೆ ಇದ್ದಾಗ ಸ್ಪೀಕರ್ ಜಾಗ ಬದಲಿಸಿದರೆ ಕೇಳುಗರು ಅಂಕ ಬದಲಿಸುತ್ತಿದ್ದರು. ಪರದೆ ತೆಗೆದಾಗ ಜಾಗದಿಂದ ಆದ ವ್ಯತ್ಯಾಸವನ್ನು ಅಷ್ಟಾಗಿ ಗಮನಿಸಲೇ ಇಲ್ಲ. ಕಣ್ಣಿಗೆ ಕಂಡದ್ದು ಕಿವಿಗೆ ನಿಜವಾಗಿ ಬಿದ್ದದ್ದನ್ನೂ ಮುಚ್ಚಿಹಾಕಿತು. ಅವರಿಬ್ಬರೂ ಇದೇ ಕ್ಷೇತ್ರದವರು. ಕೇಳಿದವರೂ ಆಡಿಯೋ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಅವರಿಗೇ ಹೀಗಾದರೆ ನಮಗೆ ಆಗುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹೆಡ್‌ಫೋನ್‌ರಾತ್ರಿ

ಹೆಡ್‌ಫೋನ್‌ಗೂ ಒಂದು ಅಧ್ಯಯನ ಇದೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನ್‌ಗಳ ಅಳತೆ ತೆಗೆದು ಬೆಲೆಯ ಜೊತೆ ಹೋಲಿಸಿದರು. ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ (ಯಾವ ಆವರ್ತನ ಎಷ್ಟು ಜೋರಾಗಿ ಬರುತ್ತದೆ ಅನ್ನುವುದಕ್ಕೂ) ಬೆಲೆಗೂ ಯಾವ ನಂಟೂ ಸಿಗಲಿಲ್ಲ.

ನನ್ನ ಕೋಣೆ ಸಣ್ಣದು, ರಾತ್ರಿ ಜೋರಾಗಿ ನುಡಿಸುವ ಹಾಗಿಲ್ಲ. ಸಾಧಾರಣ ಬೆಲೆಯ ಒಂದು ಓಪನ್ ಬ್ಯಾಕ್ (ಹಿಂಬದಿ ತೆರೆದ) ಹೆಡ್‌ಫೋನ್ ತೆಗೆದುಕೊಂಡೆ. ಫೋನ್‌ನಲ್ಲಿ ಈಕ್ವಲೈಸರ್ (ಬೇರೆ ಬೇರೆ ಆವರ್ತನ ಏರಿಸಿ ಇಳಿಸುವ ಸೌಲಭ್ಯ) ಹಾಕಿ ಅದರ ಉಬ್ಬುತಗ್ಗು ಸರಿಮಾಡಿದೆ. ದುಡ್ಡಿಗೆ ಇಷ್ಟು ಸಂಗೀತ ಬೇರೆ ಎಲ್ಲೂ ಸಿಗದು ಅನ್ನಿಸಿದೆ. ಕೋಣೆಯ ತಾಪತ್ರಯವೇ ಇಲ್ಲ. ದುಬಾರಿ ಹೆಡ್‌ಫೋನ್ ಕೊಳ್ಳುವವರು ಮೊದಲು ತೂಕ ಮತ್ತು ಕಿವಿ ಮೆತ್ತೆ ನೋಡಿ. ಒಂದು ಗಂಟೆ ಹಾಕಿಕೊಂಡು ಕೂರಲು ಆಗದಿದ್ದರೆ ಏನು ಪ್ರಯೋಜನ?

ಸಂಜೆರೆಕಾರ್ಡ್

ಈ ಪರೀಕ್ಷೆಗಳ ಬಗ್ಗೆ ನನಗೊಂದು ಸಂಶಯ. ಪರೀಕ್ಷೆ ಅಂದ ಕೂಡಲೇ ಮನಸ್ಸು ಬಿಗಿಯುತ್ತದೆ. ಅರ್ಧ ನಿಮಿಷದ ತುಣುಕು ಕೇಳಿ ಹೇಳು ಅಂದರೆ ಸಂಗೀತ ಕೇಳುವುದೇ ಆಗುವುದಿಲ್ಲ. ದಿನಗಟ್ಟಲೆ ಕೇಳಿದಾಗ ಮಾತ್ರ ಕಿವಿಗೆ ಆಯಾಸ ಆಯಿತಾ ಇಲ್ಲವಾ ಗೊತ್ತಾಗುತ್ತದೆ. ಇದಕ್ಕೇನು ಹೇಳುತ್ತೀರಿ?

ಅಳತೆಗೋಲು

ಒಳ್ಳೆ ಪ್ರಶ್ನೆ ಮೇಡಂ. ಕಣ್ಣು ಕಟ್ಟುವುದಕ್ಕೂ ಅವಸರಕ್ಕೂ ಸಂಬಂಧ ಇಲ್ಲ. ನಿಮ್ಮ ಮನೆಯಲ್ಲೇ, ನಿಮ್ಮ ಕುರ್ಚಿಯಲ್ಲೇ, ಒಂದೊಂದಕ್ಕೂ ಒಂದು ವಾರ ಇಟ್ಟು ಮಾಡಬಹುದು. ಯಾವುದು ನುಡಿಯುತ್ತಿದೆ ಅಂತ ನಿಮಗೆ ಗೊತ್ತಿರಬಾರದು, ಅಷ್ಟೇ. ಆದರೆ ದನಿಯ ಸಣ್ಣ ವಿವರಗಳ ನೆನಪು ಕೆಲವೇ ಸೆಕೆಂಡಲ್ಲಿ ಮಾಸುತ್ತದೆ. ಹಾಗಾಗಿ ತಟ್ಟನೆ ಬದಲಿಸುವ ಪರೀಕ್ಷೆಯಲ್ಲೇ ಸಣ್ಣ ವ್ಯತ್ಯಾಸ ಹಿಡಿಯುವುದು ಸುಲಭ.

ದೀರ್ಘಕಾಲ ಕೇಳಿದರೂ ಏನಾಗುತ್ತದೆ ಎನ್ನುವುದಕ್ಕೆ 2022ರಲ್ಲಿ ಒಂದು ದೊಡ್ಡ ಉದಾಹರಣೆ ಸಿಕ್ಕಿತು. ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್ ಎಂಬ ಕಂಪನಿಯ ದುಬಾರಿ ರೆಕಾರ್ಡ್‌ಗಳು ಅಪ್ಪಟ ಅನಲಾಗ್ ಅಂತ ಜನ ನಂಬಿ ಕೊಳ್ಳುತ್ತಿದ್ದರು. ಆ ವರ್ಷ ಗೊತ್ತಾಯಿತು, ಅವುಗಳಲ್ಲಿ ಬಹಳಷ್ಟಕ್ಕೆ ಮಾಸ್ಟರ್ ಟೇಪಿನಿಂದ ಮೊದಲು ಡಿಜಿಟಲ್ ಪ್ರತಿ ಮಾಡಿ, ಅದರಿಂದ ರೆಕಾರ್ಡ್ ಕತ್ತರಿಸಿದ್ದರು. ವರ್ಷಗಳಿಂದ ಹಾಗೆ ನಡೆದಿತ್ತು. ಡಿಜಿಟಲ್ ದನಿ ಕೇಳಿದ ಕೂಡಲೇ ಹಿಡಿಯುತ್ತೇವೆ ಅನ್ನುತ್ತಿದ್ದವರೂ ಆ ರೆಕಾರ್ಡ್‌ಗಳನ್ನು ಮೆಚ್ಚಿ, ಹೊಗಳಿ, ಮತ್ತೆ ಮತ್ತೆ ಕೇಳಿದ್ದರು.

ಸಂಜೆರೆಕಾರ್ಡ್

ಆ ಸುದ್ದಿ ಗೊತ್ತು. ಅಂಥ ರೆಕಾರ್ಡ್‌ಗಳು ನನ್ನ ಹತ್ತಿರವೂ ಇವೆ. ಇವತ್ತಿಗೂ ಅವು ನನಗೆ ಇಷ್ಟ, ದನಿ ಚೆನ್ನಾಗಿಯೇ ಇದೆ. ಕೋಪ ಬಂದಿದ್ದು ಮುಚ್ಚಿಟ್ಟಿದ್ದಕ್ಕೆ.

ಡ್ಯಾಕ್ ಪರೀಕ್ಷೆ ನೀವು ಹೇಳಿದ ಹಾಗೆ ಮಾಡಿ ನೋಡುತ್ತೇನೆ. ಆದರೆ ಒಂದು ಮಾತು ಉಳಿಸಿಕೊಳ್ಳುತ್ತೇನೆ. ನಾನು ಮನೆಯಲ್ಲಿ ಕಣ್ಣು ತೆರೆದೇ ಕೇಳುತ್ತೇನೆ. ಚೆಂದದ ವಸ್ತುವಿನ ಎದುರು ಕೂತು ಕೇಳಿದಾಗ ಸಿಗುವ ಸಂತೋಷವೂ ಸಂತೋಷವೇ. ಅದಕ್ಕೆ ಬೆಲೆ ಕೊಡುವವರು ಕೊಡಲಿ.

ಮಿಕ್ಸಿಂಗ್‌ಮೇಜು

ಖಂಡಿತ ಕೊಡಲಿ. ನನ್ನ ಸಿಟ್ಟು ಕೊಳ್ಳುವವರ ಮೇಲೆ ಅಲ್ಲ. ಚೆಂದಕ್ಕೆ ಕೊಡುವ ದುಡ್ಡನ್ನು ದನಿಯ ಹೆಸರಲ್ಲಿ ಕೀಳುವವರ ಮೇಲೆ. ಮೂಲೆಸ್ಪೀಕರ್ ಅವರಂಥ ಒಬ್ಬರು ವರ್ಷಗಟ್ಟಲೆ ಕೂಡಿಟ್ಟಿದ್ದನ್ನು ತಂದು ಎದುರಿಗಿಟ್ಟಾಗ, ಸೋಫಾ ಮುಂದಕ್ಕೆ ಎಳೆಯಿರಿ ಅಂತ ಹೇಳುವ ಅಂಗಡಿ ಎಷ್ಟಿವೆ?

ಮೂಲೆಸ್ಪೀಕರ್

ಹೇಳಿದ್ದನ್ನೆಲ್ಲ ಮಾಡಿದೆ. ಸ್ಪೀಕರ್ ಸ್ಟ್ಯಾಂಡ್ ಮೇಲೆ ಬಂತು, ಎದುರು ಗೋಡೆಯಿಂದ ಮುಕ್ಕಾಲು ಮೀಟರ್, ಪಕ್ಕದ ಗೋಡೆಯಿಂದಲೂ ಹತ್ತಿರಹತ್ತಿರ ಅಷ್ಟೇ ದೂರ. ಸೋಫಾ ಒಂದೂವರೆ ಮೀಟರ್ ಮುಂದೆ. ನಡುವೆ ದಪ್ಪ ಕಾರ್ಪೆಟ್.

ಮಾತು ಸ್ಪಷ್ಟವಾಯಿತು. ಇದು ನಿಜಕ್ಕೂ ಮೊದಲ ಹಾಡಿನಲ್ಲೇ ಗೊತ್ತಾಯಿತು. ಹಾಡುವವರು ನಡುವೆ ನಿಂತ ಹಾಗೆ ಕೇಳುವುದು ಅಂದರೇನು ಅಂತ ನನ್ನ ಹಳೇ ಆಂಪ್‌ನಲ್ಲೇ ಕೇಳಿದೆ. ಗುಮ್ಮ್ ಬಹಳ ಕಮ್ಮಿಯಾಯಿತು. ಆದರೆ ಈಗ ಬೇಸ್ ಸ್ವಲ್ಪ ತೆಳುವಾಗಿದೆ ಅನ್ನಿಸುತ್ತಿದೆ.

ಗೆಳೆಯರ ಮನೆಯನ್ನು ನೆನಪು ಮಾಡಿಕೊಂಡೆ. ಅವರ ಸ್ಪೀಕರ್ ಗೋಡೆಯಿಂದ ಒಂದು ಮೀಟರ್ ಈಚೆಗಿತ್ತು. ಕೆಳಗೆ ಪೂರ್ತಿ ಕಾರ್ಪೆಟ್, ಹಿಂದೆ ಗೋಡೆ ತುಂಬ ಪುಸ್ತಕ. ಕುರ್ಚಿ ಕೋಣೆಯ ಒಳಗಿತ್ತು. ಅದನ್ನು ನಾನಾಗಲಿ ಅವರಾಗಲಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಎರಡು ಪ್ರಶ್ನೆ. ಸ್ಪೀಕರ್ ತಂತಿ ಬದಲಿಸಬೇಕಾ? ಅಂಗಡಿಯಲ್ಲಿ ತೋರಿಸಿದ ತಂತಿಯ ಬೆಲೆ ನನ್ನ ಸ್ಪೀಕರ್‌ಗಿಂತ ಜಾಸ್ತಿ. ಇನ್ನೊಂದು, ಬೇಸ್‌ಗೆ ಏನು ಮಾಡಲಿ?

ಸೋಲ್ಡರ್‌ಕೈ

ತಂತಿಗೆ ನಾನು ಉತ್ತರಿಸುತ್ತೇನೆ. ಬದಲಿಸಬೇಡಿ.

2.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.007 ಓಮ್ ರೆಸಿಸ್ಟೆನ್ಸ್. 3 ಮೀಟರ್ ದೂರಕ್ಕೆ ಹೋಗಿ ಬರುವ ಎರಡೂ ಎಳೆ ಸೇರಿ 6 ಮೀಟರ್, ಅಂದರೆ 0.04 ಓಮ್. 8 ಓಮ್ ಸ್ಪೀಕರ್‌ನಲ್ಲಿ ಇದರಿಂದ ಆಗುವ ನಷ್ಟ 0.05 ಡೆಸಿಬೆಲ್ ಕೂಡ ಇಲ್ಲ. ತುದಿ ಬಿಗಿಯಾಗಿರಲಿ, ಪ್ಲಸ್ ಮೈನಸ್ ಎರಡೂ ಸ್ಪೀಕರ್‌ಗೆ ಒಂದೇ ರೀತಿ ಹಾಕಿರಲಿ. ಒಂದು ಕಡೆ ತಿರುವುಮುರುವು ಆದರೆ ಬೇಸ್ ಹೊರಟೇ ಹೋಗುತ್ತದೆ. ಅದನ್ನೊಮ್ಮೆ ಈಗಲೇ ನೋಡಿಬಿಡಿ.

ಯುಎಸ್‌ಬಿ ತಂತಿಯಲ್ಲಿ ಹೋಗುವುದು ಅಂಕಿಗಳು. ತಂತಿ ಕೆಟ್ಟಿದ್ದರೆ ದನಿ ಕಡಿದು ಕಡಿದು ಬರುತ್ತದೆ. ಸರಿ ಇದ್ದರೆ ಸರಿಯಾಗಿಯೇ ಬರುತ್ತದೆ. ದುಬಾರಿ ತಂತಿ ಹಾಕಿದರೆ ಗಾಯಕರ ದನಿ ಇಂಪಾಗುವ ದಾರಿ ಅಲ್ಲಿ ಇಲ್ಲ.

ಕಿವಿಆರೈಕೆ

ಒಂದು ವಿಷಯ ಯಾರೂ ಹೇಳಲಿಲ್ಲ. ನಾನು ಶ್ರವಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ವಯಸ್ಸಾದ ಹಾಗೆ ಎಲ್ಲರಿಗೂ ಮೇಲಿನ ಆವರ್ತನಗಳು ಮೊದಲು ಮಸುಕಾಗುತ್ತವೆ. ನಡುವಯಸ್ಸಿನ ಬಹಳ ಜನಕ್ಕೆ 15 ಕಿಲೋಹರ್ಟ್ಸ್ ಮೇಲಿನದ್ದು ಕೇಳುವುದಿಲ್ಲ. 40 ಕಿಲೋಹರ್ಟ್ಸ್ ತನಕ ಹೋಗುವ ಟ್ವೀಟರ್‌ಗೆ ದುಡ್ಡು ಕೊಡುವ ಮೊದಲು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ.

ಇರುವ ಕಿವಿ ಉಳಿಸಿಕೊಳ್ಳಿ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧ ಆಗುತ್ತದೆ. 89ಕ್ಕೆ ಬಂದರೆ ವಾರಕ್ಕೆ 5 ಗಂಟೆ ಮಾತ್ರ. ಹೆಡ್‌ಫೋನ್‌ರಾತ್ರಿ ಅವರೇ, ಇದು ನಿಮಗೂ. ಕಿವಿಯೊಳಗಿನ ಕೂದಲ ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಎಲ್ಲರೂ ದಯವಿಟ್ಟು ನೆನಪಿಡಿ.

ಮಿಕ್ಸಿಂಗ್‌ಮೇಜು

ಬಹಳ ಮುಖ್ಯವಾದ ಮಾತು, ಥ್ಯಾಂಕ್ಸ್.

ಮೂಲೆಸ್ಪೀಕರ್ ಅವರೇ, ಬೇಸ್‌ಗೆ ಬರುವ ಮೊದಲು ರೆಕಾರ್ಡಿಂಗ್ ಬಗ್ಗೆ ಒಂದು ಮಾತು. ಒಂದೇ ಆಲ್ಬಮ್‌ನ ಬೇರೆ ಬೇರೆ ಮಾಸ್ಟರಿಂಗ್ (ಬಿಡುಗಡೆಗೆ ಮೊದಲು ದನಿಗೆ ಕೊಡುವ ಕೊನೆಯ ಹದ) ಸಿಗುತ್ತವೆ. ಕೆಲವು ಹೊಸ ಮಾಸ್ಟರಿಂಗ್‌ಗಳಲ್ಲಿ ಜೋರಾಗಿ ಕೇಳಲಿ ಅಂತ ಏರಿಳಿತವನ್ನೆಲ್ಲ ಒತ್ತಿ ಸಮ ಮಾಡಿರುತ್ತಾರೆ. ಡ್ರಮ್ ಏಟಿಗೆ ಜೀವ ಇರುವುದಿಲ್ಲ. ಅದನ್ನು ಯಾವ ಬೆಲೆಯ ಸೆಟ್ಟೂ ಬಿಡಿಸಿ ಕೊಡಲಾರದು. ಹಳೆಯ ಮಾಸ್ಟರಿಂಗ್ ಹುಡುಕಿ ಹೋಲಿಸಿ, ಎರಡು ಆಂಪ್‌ಗಳ ನಡುವಿನದ್ದಕ್ಕಿಂತ ಬಹಳ ದೊಡ್ಡ ವ್ಯತ್ಯಾಸ ಕೇಳುತ್ತದೆ.

ನೀವು ಇಷ್ಟಪಡುವ ಹಾಡುಗಳನ್ನು ನಾವು ಯಾವುದರಲ್ಲಿ ಕೇಳಿ ಮಿಕ್ಸ್ ಮಾಡುತ್ತೇವೆ ಅಂತಲೂ ಗೊತ್ತಿರಲಿ. 1978ರಲ್ಲಿ ಬಂದ ಯಮಹಾ ಎನ್‌ಎಸ್-10 ಮನೆಗೆ ಅಂತ ಮಾಡಿದ ಸಣ್ಣ ಸ್ಪೀಕರ್. ಅದರ ಬಿಳಿ ಕೋನ್ ಆಮೇಲೆ ಜಗತ್ತಿನ ಸ್ಟುಡಿಯೋಗಳಲ್ಲೆಲ್ಲ ಕಾಣಿಸಿತು. ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳ ಮಿಕ್ಸಿಂಗ್ ಅದರ ಮೇಲೆ ಆಗಿದೆ. ಅದು ಸಿಹಿಯಾದ ದನಿಯ ಸ್ಪೀಕರ್ ಅಲ್ಲ, ತಪ್ಪನ್ನು ಎತ್ತಿ ತೋರಿಸುವ ಸ್ಪೀಕರ್.

ಈಗ ಬೇಸ್. ಮೊದಲು ಸೋಫಾವನ್ನು ಅಂಗೈಯಗಲ ಅಂಗೈಯಗಲ ಹಿಂದೆ ಮುಂದೆ ಸರಿಸಿ ಕೇಳಿ. 69 ಹರ್ಟ್ಸ್ ಅನುರಣನಕ್ಕೆ ಹಿಂಗೋಡೆಯಿಂದ 1.25 ಮೀಟರ್ ಜಾಗದಲ್ಲಿ ತಗ್ಗು ಇದೆ. ನೀವು ಅದರ ಹತ್ತಿರವೇ ಕೂತಿದ್ದೀರಿ. 1.8 ಮೀಟರ್ ತನಕ ಬಂದರೆ ತುಂಬಿಕೊಳ್ಳಬಹುದು. ಆದರೆ ಕೋಣೆಯ ನಟ್ಟನಡುವೆ, ಅಂದರೆ 2.5 ಮೀಟರಿಗೆ ಹೋಗಬೇಡಿ, ಅಲ್ಲಿ 34 ಹರ್ಟ್ಸ್ ಪೂರ್ತಿ ಮಾಯ.

ಅದೂ ಸಾಲದಿದ್ದರೆ ಒಂದು ಅಳತೆ ಮೈಕ್ ಕೊಳ್ಳಿ. ರೂಮ್ ಈಕ್ಯೂ ವಿಝರ್ಡ್ ಎಂಬ ತಂತ್ರಾಂಶ ಉಚಿತ. ಗ್ರಾಫ್‌ನಲ್ಲಿ ಉಬ್ಬು ಕಂಡರೆ ಈಕ್ವಲೈಸರ್‌ನಿಂದ ಇಳಿಸಿ. ತಗ್ಗನ್ನು ಮಾತ್ರ ಏರಿಸಲು ಹೋಗಬೇಡಿ. ಆ ಜಾಗದಲ್ಲಿ ದನಿ ತನ್ನ ಪ್ರತಿಫಲನದಿಂದಲೇ ಅಳಿಸಿಹೋಗುತ್ತಿರುತ್ತದೆ. ಎಷ್ಟು ಏರಿಸಿದರೂ ಅಷ್ಟೂ ಅಳಿಸಿಹೋಗುತ್ತದೆ, ಬೇಸ್ ನುಡಿಸುವ ವೂಫರ್ ಸುಮ್ನೆ ದಣಿಯುತ್ತದೆ. ತೆಳು ಫೋಮ್ ಹಾಳೆ ಗೋಡೆಗೆ ಅಂಟಿಸುವುದೂ ಬೇಡ. ಅದು ತಾರಕವನ್ನಷ್ಟೇ ಹೀರುತ್ತದೆ. 50 ಹರ್ಟ್ಸ್‌ನ ಅಲೆ ಸುಮಾರು 7 ಮೀಟರ್ ಉದ್ದ, ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಮೂಲೆಸ್ಪೀಕರ್

ಮೈಕ್ ಆರ್ಡರ್ ಮಾಡಿದೆ. ಸೋಫಾ 1.75 ಮೀಟರ್‌ಗೆ ಬಂದಾಗ ಬೇಸ್ ತುಂಬಿಕೊಂಡಿತು, ಅಲ್ಲೇ ಬಿಟ್ಟಿದ್ದೇನೆ. ಆಂಪ್, ಡ್ಯಾಕ್ ಕೊಳ್ಳುವ ಯೋಚನೆ ಕೈಬಿಟ್ಟೆ.

ಕೂಡಿಟ್ಟ ದುಡ್ಡಿನಲ್ಲಿ ಮೂರನೇ ಒಂದು ಭಾಗ ಖರ್ಚು ಮಾಡಿ ಇನ್ನೂ ಒಳ್ಳೆ ಸ್ಪೀಕರ್ ತೆಗೆದುಕೊಂಡರೆ ಗೊತ್ತಾಗುವಷ್ಟು ಮೇಲಕ್ಕೆ ಹೋಗುತ್ತೇನಾ? ಅಥವಾ ಬೇಸ್‌ಗೆಂದೇ ಇರುವ ಸಬ್‌ವೂಫರ್ ಸೇರಿಸಲಾ?

ಮಿಕ್ಸಿಂಗ್‌ಮೇಜು

ನಿಮ್ಮ ಕೋಣೆಗೆ ನನ್ನ ಆಯ್ಕೆ ಸಬ್‌ವೂಫರ್, ಅದೂ ಸಾಧ್ಯವಾದರೆ ಸಣ್ಣವು ಎರಡು. ಎದುರು ಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಇಟ್ಟರೆ 34 ಹರ್ಟ್ಸ್ ಅನುರಣನವನ್ನು ಒಂದು ಎಬ್ಬಿಸಿದರೆ ಇನ್ನೊಂದು ತಡೆಯುತ್ತದೆ. ಅಗಲದ 49 ಹರ್ಟ್ಸ್ ಕೂಡ ಏಳುವುದಿಲ್ಲ, ಏಕೆಂದರೆ ಗೋಡೆಯ ನಡುಭಾಗ ಅದಕ್ಕೆ ತಗ್ಗಿನ ಜಾಗ. 80 ಹರ್ಟ್ಸ್‌ನಿಂದ ಕೆಳಗಿನದ್ದನ್ನು ಅವಕ್ಕೆ ಕೊಡಿ. ಮುಖ್ಯ ಸ್ಪೀಕರ್‌ನ ವೂಫರ್ ಮೇಲಿನ ಹೊರೆ ಇಳಿಯುತ್ತದೆ, ಗಾಯನ ಇನ್ನಷ್ಟು ತಿಳಿಯಾಗುತ್ತದೆ.

ಸ್ಪೀಕರ್ ಬದಲಿಸುವುದನ್ನು ಮೈಕ್ ಬಂದ ಮೇಲೆ ನೋಡೋಣ. ಸಬ್‌ವೂಫರ್ ಇಲ್ಲದೆ ಒಮ್ಮೆ, ಎಡ ಸ್ಪೀಕರ್ ಒಂದರದ್ದೇ ಒಮ್ಮೆ, ಬಲದ್ದು ಒಮ್ಮೆ ಅಳೆದು ಮೂರೂ ಗ್ರಾಫ್ ಇಲ್ಲಿ ಹಾಕಿ. ಮೈಕ್ ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರದಲ್ಲಿರಲಿ. ಫ್ಯಾನ್ ಆರಿಸಿರಿ.